ಹಣ್ಣು ತರಕಾರಿಯಲ್ಲಿ ಬೇವು, ಪೈರೆಥ್ರಮ್ ಔಷಧಿಯ ಉಳಿಕೆ ಅಳೆಯುವುದು ಹೇಗೆ?

ಗಿಡದಿಂದ ಬಂದ ಕೀಟನಾಶಕ ಹಣ್ಣಿನ ಮೇಲೆ ಉಳಿಯುವುದೇ ಇಲ್ಲ ಎಂದು ನಂಬುವವರು ಜಾಸ್ತಿ. ಒಂದು ಮಟ್ಟಿಗೆ ಅದು ನಿಜ. ಬೇವಿನ ಮುಖ್ಯ ಕೀಟನಾಶಕ ವಸ್ತುವಾದ ಅಜಾಡಿರಾಕ್ಟಿನ್ ಬಿಸಿಲಿನಲ್ಲಿ ಒಂದೆರಡು ದಿನಕ್ಕೇ ಅರ್ಧಕ್ಕೆ ಇಳಿಯುತ್ತದೆ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಮ್‌ನಲ್ಲಿರುವ ಪೈರೆಥ್ರಿನ್ ಇನ್ನೂ ಬೇಗ, ಕೆಲವೇ ಗಂಟೆಗಳಲ್ಲಿ ಒಡೆಯಲು ಶುರುವಾಗುತ್ತದೆ. ಆದರೆ ತೋಟದಲ್ಲಿ ಕರಗುವ ವಸ್ತು ಲ್ಯಾಬಿನ ಮೇಜಿನ ಮೇಲೂ ಕರಗುತ್ತದೆ, ಅಲ್ವಾ? ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದು ಬಂದರೆ ಎರಡು ಅರ್ಥ ಇರಬಹುದು. ಹಣ್ಣಿನಲ್ಲಿ ಇರಲಿಲ್ಲ, ಅಥವಾ ಇದ್ದದ್ದನ್ನು ನಾವೇ ದಾರಿಯಲ್ಲಿ ಕಳೆದೆವು. ಈ ಎರಡರಲ್ಲಿ ಯಾವುದು ಎಂದು ಧೈರ್ಯವಾಗಿ ಹೇಳುವ ಹಾಗೆ ಕೆಲಸ ಮಾಡುವುದೇ ಇಲ್ಲಿನ ನಿಜವಾದ ಕಸುಬು.

ಕೃಷಿ ರಸಾಯನಶಾಸ್ತ್ರ ಓದುತ್ತಿರುವವರು, ಆಹಾರ ಪರೀಕ್ಷಾ ಲ್ಯಾಬಿಗೆ ಹೊಸದಾಗಿ ಸೇರಿದವರು ಇದನ್ನು ಹೆಜ್ಜೆ ಹೆಜ್ಜೆಯಾಗಿ ಅನುಸರಿಸಬಹುದು. ಲ್ಯಾಬ್ ಇಲ್ಲದ ಬೆಳೆಗಾರರಿಗೆ ಬೇಕಾದ ಮಾತು ಕೊನೆಯ ಭಾಗದಲ್ಲಿದೆ. ಉದಾಹರಣೆಗೆ ಟೊಮೇಟೊ ಇಟ್ಟುಕೊಂಡಿದ್ದೇನೆ. ಕೋಲಾರ, ಚಿಂತಾಮಣಿ ಕಡೆ ಅದೇ ಬೆಳೆ, ಬೇವಿನ ಔಷಧಿ ಹೊಡೆಯುವುದೂ ಅಲ್ಲಿ ಹೊಸದಲ್ಲ.

ಮೊದಲು: ಯಾವುದನ್ನು ಅಳೆಯುತ್ತೀರಿ?

'ಬೇವಿನ ಉಳಿಕೆ' ಎಂಬ ಒಂದೇ ವಸ್ತು ಇಲ್ಲ. ಬೇವಿನ ಬೀಜದಲ್ಲಿ ಅಜಾಡಿರಾಕ್ಟಿನ್ ಎ, ಅಜಾಡಿರಾಕ್ಟಿನ್ ಬಿ, ಸಲಾನಿನ್, ನಿಂಬಿನ್ ಎಲ್ಲವೂ ಇವೆ. ಮುಖ್ಯವಾಗಿ ಅಳೆಯುವುದು ಅಜಾಡಿರಾಕ್ಟಿನ್ ಎ. ಸಾಧ್ಯವಾದರೆ ಸಲಾನಿನ್ ಮತ್ತು ನಿಂಬಿನ್ ಕೂಡ ಪಟ್ಟಿಗೆ ಸೇರಿಸಿ. ಅಜಾಡಿರಾಕ್ಟಿನ್ ಹೋಗಿ ಇವೆರಡು ಉಳಿದಿದ್ದರೆ ಬೇವು ಬಳಸಿದ್ದಾರೆ ಎಂಬ ಸುಳಿವಾದರೂ ಸಿಗುತ್ತದೆ.

ಪೈರೆಥ್ರಮ್ ಎಂದರೆ ಆರು ವಸ್ತುಗಳ ಗುಂಪು: ಪೈರೆಥ್ರಿನ್ 1 ಮತ್ತು 2, ಸಿನೆರಿನ್ 1 ಮತ್ತು 2, ಜಾಸ್ಮೋಲಿನ್ 1 ಮತ್ತು 2. ಇದರ ಜೊತೆ ಪೈಪೆರೋನಿಲ್ ಬ್ಯೂಟಾಕ್ಸೈಡನ್ನೂ ಅಳೆಯಲೇಬೇಕು. ಪೈರೆಥ್ರಿನ್‌ನ ಜೋರು ಹೆಚ್ಚಿಸಲು ಬೆರೆಸುವ ವಸ್ತು ಅದು, ಕಾರ್ಖಾನೆಯಲ್ಲಿ ತಯಾರಾಗುವಂಥದ್ದು. ಅಮೆರಿಕದ ಸಾವಯವ ನಿಯಮ ಅದನ್ನು ಒಪ್ಪುವುದಿಲ್ಲ. ಪೈರೆಥ್ರಿನ್ ಮಾಯವಾದ ಮೇಲೂ ಅದು ಹಣ್ಣಿನ ಮೇಲೆ ಕಾಣಿಸಿಕೊಳ್ಳಬಹುದು.

ಡೆರಿಸ್ ಬೇರಿನ ರೋಟೆನೋನ್ ಮೂರನೆಯದು. ಸಸ್ಯದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಮೀನಿಗೆ ಇದು ಘೋರ ವಿಷ. ಇಲಿಗಳಲ್ಲಿ ಪಾರ್ಕಿನ್ಸನ್ ರೋಗದಂಥ ಲಕ್ಷಣ ತರುತ್ತದೆ ಎಂದು 2000ದಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಯುರೋಪಿನ ಒಕ್ಕೂಟ 2008ರಲ್ಲಿ ಇದನ್ನು ತನ್ನ ಅನುಮೋದಿತ ಪಟ್ಟಿಯಿಂದ ಹೊರಗಿಟ್ಟಿತು.

ಹೊಗೆಸೊಪ್ಪಿನ ನಿಕೋಟಿನ್ ಅಳೆಯಬೇಕೆಂದರೆ ಅದಕ್ಕೆ ಬೇರೆಯೇ ವಿಧಾನ ಇಟ್ಟುಕೊಳ್ಳಿ. ಅದು ಕ್ಷಾರ ಗುಣದ ಅಣು. ಮುಂದೆ ಹೇಳುವ ಹುಳಿ ವಾತಾವರಣದಲ್ಲಿ ಅದರ ದೊಡ್ಡ ಪಾಲು ನೀರಿನಲ್ಲೇ ಉಳಿದುಬಿಡುತ್ತದೆ. ಮತ್ತೆ, ಟೊಮೇಟೊ, ಬದನೆ, ಆಲೂಗಡ್ಡೆ ಎಲ್ಲ ಹೊಗೆಸೊಪ್ಪಿನ ಕುಟುಂಬದವೇ. ಅವುಗಳಲ್ಲಿ ತಾವಾಗಿಯೇ ಚೂರು ನಿಕೋಟಿನ್ ಇರುತ್ತದೆ. ಸಿಕ್ಕಿದ್ದೆಲ್ಲ ಯಾರೋ ಹೊಡೆದದ್ದು ಎಂದು ತೀರ್ಪು ಕೊಡಬೇಡಿ.

ಎಷ್ಟು ಸಿಗಬಹುದು? ಕಾಗದದ ಮೇಲೆ ಲೆಕ್ಕ ಹಾಕಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಐದು ನಿಮಿಷದ ಕೆಲಸ, ಆದರೆ ವಿಧಾನ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನು ಇದೇ ಹೇಳುತ್ತದೆ.

ಅಂಗಡಿಯಲ್ಲಿ ಸಿಗುವ 10,000 ಪಿಪಿಎಂ (ಹತ್ತು ಲಕ್ಷ ಪಾಲಿಗೆ 10,000 ಪಾಲು) ಬೇವಿನ ಔಷಧಿ ಎಂದರೆ 1 ಶೇಕಡಾ ಅಜಾಡಿರಾಕ್ಟಿನ್. ಲೀಟರ್ ನೀರಿಗೆ 3 ಎಂಎಲ್ ಹಾಕಿದರೆ ಆ ನೀರಿನಲ್ಲಿ ಸುಮಾರು 30 ಮಿಲಿಗ್ರಾಂ ಇರುತ್ತದೆ. ಹೆಕ್ಟೇರಿಗೆ 500 ಲೀಟರ್ ಹೊಡೆದರೆ ಒಟ್ಟು 15 ಗ್ರಾಂ. ಆ ಹೊತ್ತಿಗೆ ಗಿಡಗಳ ಮೇಲೆ 10 ಟನ್ ಕಾಯಿ ಇದೆ ಎಂದುಕೊಳ್ಳಿ. ಹೊಡೆದದ್ದೆಲ್ಲ ಕಾಯಿಗೇ ಅಂಟಿದರೂ ಕಿಲೋಗೆ 1.5 ಮಿಲಿಗ್ರಾಂ ದಾಟುವುದಿಲ್ಲ. ನಿಜದಲ್ಲಿ ಬಹುಪಾಲು ಎಲೆಗೆ, ನೆಲಕ್ಕೆ ಹೋಗುತ್ತದೆ. ಮೂರು ನಾಲ್ಕು ದಿನದ ಬಿಸಿಲೂ ಸೇರಿದರೆ ಉಳಿಯುವುದು ಬಹಳ ಕಡಿಮೆ. ಹಾಗಾಗಿ ಕಿಲೋಗೆ 0.01 ಮಿಲಿಗ್ರಾಂ ಮಟ್ಟವನ್ನು ನಂಬಿಕೆಯಿಂದ ಅಳೆಯಲು ಬರದ ವಿಧಾನದಿಂದ ಪ್ರಯೋಜನ ಇಲ್ಲ.

ಮನೆಯಲ್ಲೇ ಮಾಡುವ 5 ಶೇಕಡಾ ಬೇವಿನ ಬೀಜದ ಕಷಾಯದ ಲೆಕ್ಕ ಬೇರೆ. ಲೀಟರಿಗೆ 50 ಗ್ರಾಂ ಬೀಜದ ತಿರುಳು. ತಿರುಳಿನಲ್ಲಿ ಸಾಮಾನ್ಯವಾಗಿ 0.2ರಿಂದ 0.6 ಶೇಕಡಾ ಅಜಾಡಿರಾಕ್ಟಿನ್ ಇರುತ್ತದೆ. ಅಷ್ಟೂ ನೀರಿಗೆ ಇಳಿದರೆ ಲೀಟರಿಗೆ 100ರಿಂದ 300 ಮಿಲಿಗ್ರಾಂ! ಪೂರ್ತಿ ಇಳಿಯುವುದಿಲ್ಲ, ಆದರೂ ಬಾಟಲಿಯ ಔಷಧಿಗಿಂತ ಜಾಸ್ತಿ ಆಗುವ ಸಾಧ್ಯತೆ ಇದೆ. ಆದ್ದರಿಂದ ಮಾದರಿ ತರುವಾಗ ರೈತರನ್ನು ಕೇಳಿ: ಯಾವ ಔಷಧಿ, ಎಷ್ಟು ಪಿಪಿಎಂ, ಯಾವಾಗ ಹೊಡೆದದ್ದು, ಆಮೇಲೆ ಮಳೆ ಬಂತಾ? ಕಷಾಯ ಆದರೆ ಬೀಜ ಎಷ್ಟು ಹಳೆಯದು?

ತೋಟದಿಂದ ಲ್ಯಾಬಿಗೆ

ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ನಿಯಮದ ಪ್ರಕಾರ 25ರಿಂದ 250 ಗ್ರಾಂ ತೂಗುವ ಟೊಮೇಟೊದಂಥ ಹಣ್ಣಾದರೆ ಕನಿಷ್ಠ 1 ಕಿಲೋ, ಅದರಲ್ಲಿ ಕನಿಷ್ಠ 10 ಹಣ್ಣು ಇರಬೇಕು. ಎಲೆಕೋಸಿನಂಥ ದೊಡ್ಡದಾದರೆ 2 ಕಿಲೋ, ಕನಿಷ್ಠ 5. ಸಾಲಿನ ಒಂದು ತುದಿಯಿಂದಲೇ ಕೀಳಬೇಡಿ. ಗಿಡದ ಮೇಲೆ, ಕೆಳಗೆ, ಬಿಸಿಲಿನ ಬದಿ, ನೆರಳಿನ ಬದಿ ಎಲ್ಲ ಕಡೆಯಿಂದ ಬರಲಿ. ಬಿಸಿಲಿಗೆ ಒಡೆಯುವ ಔಷಧಿ ಅಲ್ವಾ, ಎಲೆಯ ಮರೆಯ ಕಾಯಿಯಲ್ಲಿ ಹೆಚ್ಚು ಉಳಿದಿರಬಹುದು.

ತೊಳೆಯಬೇಡಿ, ಒರೆಸಬೇಡಿ. ತೊಟ್ಟು ತೆಗೆದು ಇಡೀ ಹಣ್ಣನ್ನು ಪರೀಕ್ಷಿಸಬೇಕು. ಮಾವಿನಲ್ಲಿ ಓಟೆ ತೆಗೆದು ಅರೆದರೂ ಲೆಕ್ಕ ಇಡೀ ಹಣ್ಣಿನ ತೂಕಕ್ಕೆ ಹಾಕಬೇಕು. ಬಾಳೆಹಣ್ಣನ್ನು ಸಿಪ್ಪೆ ಸಮೇತ ಅರೆಯಬೇಕು.

ಬೆಳಕು ತೂರದ ಚೀಲದಲ್ಲಿ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ. ಮಾದರಿಯ ಟೊಮೇಟೊವನ್ನು ಪಾರದರ್ಶಕ ಕವರಿನಲ್ಲಿ ಬೈಕಿನ ಹಿಂದೆ ಕಟ್ಟಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ತಂದರೆ ಪರೀಕ್ಷೆ ಅರ್ಧ ಹಾಳಾದ ಹಾಗೆ.

ಲ್ಯಾಬಿನಲ್ಲಿ ಹಣ್ಣನ್ನು ಹೆಚ್ಚಿ, ಫ್ರೀಜ್ ಮಾಡಿ, ಡ್ರೈ ಐಸ್ ಜೊತೆ ಪುಡಿ ಮಾಡಿ. ತಣ್ಣಗೆ ಅರೆದರೆ ಎರಡು ಲಾಭ. ಪುಡಿ ಒಂದೇ ಹದಕ್ಕೆ ಬರುತ್ತದೆ, ಮತ್ತು ಕಿಣ್ವಗಳು ಔಷಧಿಯನ್ನು ಒಡೆಯಲು ಅವಕಾಶ ಸಿಗುವುದಿಲ್ಲ. ಡ್ರೈ ಐಸ್ ಪೂರ್ತಿ ಹಾರಿಹೋಗಲು ಬಿಟ್ಟು ಆಮೇಲೆ ತೂಕ ಮಾಡಿ. ಉಳಿದ ಪುಡಿಯನ್ನು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಿ.

ಸ್ಟ್ಯಾಂಡರ್ಡ್ ದ್ರಾವಣ

ಹಣ್ಣಿನ ಮಾದರಿಯ ಜೊತೆ ಹೋಲಿಸಲು ಪ್ರಮಾಣ ಗೊತ್ತಿರುವ ಔಷಧಿ ಬೇಕು, ಅದೇ ಸ್ಟ್ಯಾಂಡರ್ಡ್. ಶುದ್ಧತೆಯ ಪ್ರಮಾಣಪತ್ರ ಇರುವುದನ್ನೇ ಕೊಳ್ಳಿ. ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಕರಗಿಸಿ, ಕಂದು ಗಾಜಿನ ಬಾಟಲಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಹಳೆಯ ದ್ರಾವಣವನ್ನು ಆಗಾಗ ಹೊಸದರ ಜೊತೆ ಹೋಲಿಸಿ ನೋಡಿ. ಸ್ಟ್ಯಾಂಡರ್ಡ್ ಸವೆದಿದ್ದರೆ ಹಣ್ಣಿನಲ್ಲಿ ಇರುವುದಕ್ಕಿಂತ ಜಾಸ್ತಿ ಇದ್ದಂತೆ ಕಾಣುತ್ತದೆ. ಬೆಳೆಗಾರರಿಗೆ ಅದು ಅನ್ಯಾಯ.

ಪೈರೆಥ್ರಮ್‌ನಲ್ಲಿ ಒಂದು ಎಚ್ಚರ. ಸಾಮಾನ್ಯವಾಗಿ ಸಿಗುವ ಸ್ಟ್ಯಾಂಡರ್ಡ್ ಆರೂ ವಸ್ತುಗಳ ಮಿಶ್ರಣ. ಬಾಟಲಿಯ ಒಟ್ಟು ತೂಕವನ್ನೇ ಪೈರೆಥ್ರಿನ್ ಎಂದು ಬರೆದುಕೊಳ್ಳಬೇಡಿ. ಪ್ರಮಾಣಪತ್ರದಲ್ಲಿ ಪ್ರತಿಯೊಂದರ ಶೇಕಡಾ ಎಷ್ಟಿದೆ ನೋಡಿ, ಅದರಂತೆ ಲೆಕ್ಕ ಹಾಕಿ. ರೋಟೆನೋನ್ ಪುಡಿಯನ್ನು ಮಾಸ್ಕ್, ಕೈಗವಸು ಹಾಕಿಕೊಂಡೇ ತೂಗಿ. ಅಸಿಟೋನೈಟ್ರೈಲ್ ಕೆಲಸ ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ನಡೆಯಲಿ.

ಹಣ್ಣಿನಿಂದ ಔಷಧಿ ಹೊರತೆಗೆಯುವುದು

ಇದಕ್ಕೆ ಈಗ ಎಲ್ಲ ಕಡೆ ಬಳಸುವುದು ಕ್ವೆಚರ್ಸ್ ವಿಧಾನ. 2003ರಲ್ಲಿ ಪ್ರಕಟವಾಯಿತು. ದುಬಾರಿ ಗಾಜಿನ ಸಾಮಾನು, ಲೀಟರ್‌ಗಟ್ಟಲೆ ದ್ರಾವಕ ಬೇಡ. ಯುರೋಪಿನ ಇಎನ್ 15662 ಕ್ರಮ ಸಿಟ್ರೇಟ್ ಲವಣ ಬಳಸುತ್ತದೆ, ನಮ್ಮ ಕೆಲಸಕ್ಕೆ ಅದು ಹೊಂದುತ್ತದೆ.

1. 50 ಎಂಎಲ್ ಟ್ಯೂಬಿಗೆ 10 ಗ್ರಾಂ ಪುಡಿ ತೂಗಿ. ಟೊಮೇಟೊದಲ್ಲಿ ನೀರು ಸಾಕಷ್ಟಿದೆ, ಬೇರೆ ಸೇರಿಸಬೇಕಿಲ್ಲ. ಬಾಳೆಹಣ್ಣಿನಲ್ಲಿ ನೀರಿನ ಪಾಲು ಸುಮಾರು 75 ಶೇಕಡಾ, ಅದಕ್ಕೆ 2.5 ಎಂಎಲ್ ನೀರು ಸೇರಿಸಿ.

2. ಟ್ರೈಫಿನೈಲ್ ಫಾಸ್ಫೇಟ್‌ನಂಥ ಆಂತರಿಕ ಸ್ಟ್ಯಾಂಡರ್ಡ್ ಹಾಕಿ. ಮುಂದಿನ ಹಂತಗಳಲ್ಲಿ ಏನಾದರೂ ಚೆಲ್ಲಿದರೆ, ಅಳತೆ ತಪ್ಪಿದರೆ ಇದು ತೋರಿಸಿಕೊಡುತ್ತದೆ.

3. 10 ಎಂಎಲ್ ಅಸಿಟೋನೈಟ್ರೈಲ್ ಹಾಕಿ ಜೋರಾಗಿ ಅಲುಗಾಡಿಸಿ. ಪುಡಿ ಹೆಪ್ಪುಗಟ್ಟಿದ್ದರೆ ಒಂದು ನಿಮಿಷ ಸಾಲದು, 15 ನಿಮಿಷ ಶೇಕರ್‌ನಲ್ಲಿಡಿ.

4. 4 ಗ್ರಾಂ ನೀರಿಲ್ಲದ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು, 1 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 0.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಒಟ್ಟಿಗೆ ಹಾಕಿ. ಹಾಕಿದ ತಕ್ಷಣ ಅಲುಗಾಡಿಸಿ. ತಡ ಮಾಡಿದರೆ ಲವಣ ಗಡ್ಡೆ ಕಟ್ಟುತ್ತದೆ. ಮೆಗ್ನೀಸಿಯಂ ಸಲ್ಫೇಟ್ ನೀರು ಕುಡಿದಾಗ ಟ್ಯೂಬ್ ಬಿಸಿಯಾಗುತ್ತದೆ, ಪಕ್ಕದಲ್ಲಿ ಐಸ್ ಇಟ್ಟುಕೊಂಡಿರಿ.

5. 3000 ಜಿ ಅಥವಾ ಅದಕ್ಕಿಂತ ಜಾಸ್ತಿ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಔಷಧಿ ಮೇಲಿನ ಅಸಿಟೋನೈಟ್ರೈಲ್ ಪದರದಲ್ಲಿರುತ್ತದೆ.

ಸಿಟ್ರೇಟ್ ಯಾಕೆ ಎಂದರೆ ಅದು ಪಿಎಚ್ಅನ್ನು 5ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಅಜಾಡಿರಾಕ್ಟಿನ್‌ಗೆ 4ರಿಂದ 6ರ ನಡುವೆ ಹಿತ. 7 ದಾಟಿತೋ, ಒಡೆಯಲು ಶುರು. ನಿಂಬೆಯಂಥ ತೀರಾ ಹುಳಿ ಹಣ್ಣಿಗೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಏರಿಸುವ ಪದ್ಧತಿ ಇದೆ. ಅಲ್ಲಿ ಕೈ ಹಿಡಿತದಲ್ಲಿರಲಿ, ಪಿಎಚ್ ಕಾಗದ ಹಚ್ಚಿ ನೋಡಿ.

ಶುಚಿ ಮಾಡುವಾಗ ಅಜಾಡಿರಾಕ್ಟಿನ್ ಕಳೆಯುವ ಜಾಗ

ಮೇಲಿನ ಪದರದ ಪ್ರತಿ 1 ಎಂಎಲ್‌ಗೆ 150 ಮಿಲಿಗ್ರಾಂ ಮೆಗ್ನೀಸಿಯಂ ಸಲ್ಫೇಟ್, 25 ಮಿಲಿಗ್ರಾಂ ಪಿಎಸ್‌ಎ ಎಂಬ ಶುಚಿ ಮಾಡುವ ಪುಡಿ ಹಾಕಿ 30 ಸೆಕೆಂಡ್ ಅಲುಗಾಡಿಸಿ, ಮತ್ತೆ ಸೆಂಟ್ರಿಫ್ಯೂಜ್ ಮಾಡಿ. ಪಿಎಸ್‌ಎ ಹಣ್ಣಿನ ಆಮ್ಲ, ಸಕ್ಕರೆಗಳನ್ನು ಹಿಡಿದುಕೊಳ್ಳುತ್ತದೆ. ಆಮ್ಲ ಹೋದ ಮೇಲೆ ದ್ರಾವಣದ ಪಿಎಚ್ 8ರ ಮೇಲೆ ಏರುತ್ತದೆ. ಅದೇ ಟ್ಯೂಬನ್ನು ಹಾಗೇ ಬಿಟ್ಟು ಊಟಕ್ಕೆ ಹೋದರೆ ಅಜಾಡಿರಾಕ್ಟಿನ್ ಸುಮ್ನೆ ಕರಗಿಹೋಗುತ್ತದೆ. ಆದ್ದರಿಂದ ಶುಚಿಯಾದ ದ್ರಾವಣವನ್ನು ಕೂಡಲೇ ಬೇರೆ ಮಾಡಿ, ಪ್ರತಿ ಎಂಎಲ್‌ಗೆ 10 ಮೈಕ್ರೋಲೀಟರ್ 5 ಶೇಕಡಾ ಫಾರ್ಮಿಕ್ ಆಮ್ಲ (ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ್ದು) ಸೇರಿಸಿ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಹೆಜ್ಜೆ ಇದೇ. ಲ್ಯಾಬಿಗೆ ಹೊಸಬರು ಬಂದರೆ ಅವರ ಪಕ್ಕ ನಿಂತು ಇದನ್ನು ಮಾಡಿಸಿ.

ಪಾಲಕ್, ಕೊತ್ತಂಬರಿಯಂಥ ಸೊಪ್ಪಿಗೆ ಹಸಿರು ಬಣ್ಣ ತೆಗೆಯಲು ಇಂಗಾಲದ ಕಪ್ಪು ಪುಡಿಯನ್ನು, ಅಂದರೆ ಜಿಸಿಬಿಯನ್ನು, ಚೂರು ಬಳಸುತ್ತಾರೆ. ಅದು ಬಣ್ಣದ ಜೊತೆ ಕೆಲವು ಔಷಧಿಗಳನ್ನೂ ನುಂಗುತ್ತದೆ. ಹಾಕಿದ ಔಷಧಿಯಲ್ಲಿ ಎಷ್ಟು ವಾಪಸ್ ಸಿಗುತ್ತದೆ ಎಂಬುದನ್ನು, ಅಂದರೆ ರಿಕವರಿಯನ್ನು, ಮೊದಲು ನೋಡದೆ ಬಳಸಬೇಡಿ. ಬೆಣ್ಣೆಹಣ್ಣಿನಂಥ ಜಿಡ್ಡಿನ ಹಣ್ಣಿಗೆ ಜಿಡ್ಡು ಹಿಡಿಯುವ ಸಿ18 ಪುಡಿ 25 ಮಿಲಿಗ್ರಾಂ ಸೇರಿಸಿ.

ಉಪಕರಣದ ಮುಂದೆ

ವಸ್ತುಗಳನ್ನು ದ್ರವದ ಹರಿವಿನಲ್ಲಿ ಬೇರ್ಪಡಿಸಿ, ಅಣುವಿನ ತೂಕ ನೋಡಿ ಗುರುತಿಸುವ ಎಲ್‌ಸಿ-ಎಂಎಸ್/ಎಂಎಸ್ ಉಪಕರಣ ಇಲ್ಲಿ ಬೇಕೇ ಬೇಕು. ಅಜಾಡಿರಾಕ್ಟಿನ್ ದೊಡ್ಡ ಅಣು, ತೂಕ 720ರ ಮೇಲೆ. ಗ್ಯಾಸ್ ಕ್ರೊಮ್ಯಾಟೋಗ್ರಾಫಿನ ಬಿಸಿಯಲ್ಲಿ ಅದು ಉಳಿಯುವುದಿಲ್ಲ. ಪೈರೆಥ್ರಿನ್‌ಗಳೂ ಜಾಸ್ತಿ ಬಿಸಿಗೆ ರೂಪ ಬದಲಿಸುತ್ತವೆ. ತೂಕದ ಬದಲು ಬೆಳಕು ಹೀರುವುದನ್ನು ನೋಡುವ ಸಾದಾ ಎಚ್‌ಪಿಎಲ್‌ಸಿಯಲ್ಲಿ 217 ನ್ಯಾನೋಮೀಟರ್ ಅಲೆಯುದ್ದದಲ್ಲಿ ಅಜಾಡಿರಾಕ್ಟಿನ್ ಕಾಣುತ್ತದೆ ನಿಜ. ಬಾಟಲಿಯ ಔಷಧಿಯ ಗುಣಮಟ್ಟ ನೋಡಲು ಅದು ಸಾಕು. ಹಣ್ಣಿನ ಉಳಿಕೆಗೆ ಸಾಲದು, ಆ ಅಲೆಯುದ್ದದಲ್ಲಿ ಹಣ್ಣಿನ ನೂರಾರು ವಸ್ತುಗಳು ಅಡ್ಡ ಬರುತ್ತವೆ.

ಸಿ18 ಕಾಲಂ, 5 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ಮತ್ತು 0.1 ಶೇಕಡಾ ಫಾರ್ಮಿಕ್ ಆಮ್ಲ ಇರುವ ನೀರು, ಇನ್ನೊಂದು ಬದಿ ಮೆಥನಾಲ್, ಪಾಸಿಟಿವ್ ಎಲೆಕ್ಟ್ರೋಸ್ಪ್ರೇ. ಇಷ್ಟರಿಂದ ಶುರು ಮಾಡಿ. ಮುಂದಿನ ಸಂಖ್ಯೆಗಳಲ್ಲಿ ಮೊದಲನೆಯದು ಅಯಾನಿನ (ವಿದ್ಯುದಂಶ ಪಡೆದ ಅಣುವಿನ) ತೂಕ, ಉಳಿದೆರಡು ಅದು ಒಡೆದಾಗ ಬರುವ ಚೂರುಗಳದ್ದು. ರೋಟೆನೋನ್‌ಗೆ 395ರಿಂದ 213 ಮತ್ತು 192. ಪೈರೆಥ್ರಿನ್ 1ಕ್ಕೆ 329ರಿಂದ 161 ಮತ್ತು 133. ಪೈರೆಥ್ರಿನ್ 2ಕ್ಕೆ 373ರಿಂದ 161 ಮತ್ತು 133. ಪೈಪೆರೋನಿಲ್ ಬ್ಯೂಟಾಕ್ಸೈಡ್‌ಗೆ ಅಮೋನಿಯಂ ಜೊತೆಗಿನ 356ರಿಂದ 177 ಮತ್ತು 119.

ಅಜಾಡಿರಾಕ್ಟಿನ್ ಇಲ್ಲೂ ಸತಾಯಿಸುತ್ತದೆ. ಸೋಡಿಯಂ ಸಿಕ್ಕಿದ ಕಡೆ ಅದಕ್ಕೆ ಅಂಟಿಕೊಂಡು 743 ಆಗುತ್ತದೆ. ಆ ಅಯಾನು ಸುಲಭಕ್ಕೆ ಒಡೆಯುವುದಿಲ್ಲ. ಗಾಜು, ನೀರು, ಲವಣದಿಂದ ಬರುವ ಸೋಡಿಯಂ ದಿನದಿಂದ ದಿನಕ್ಕೆ ಬದಲಾಗುವುದರಿಂದ ಸಿಗ್ನಲ್ ಕೂಡ ಏರಿಳಿಯುತ್ತದೆ. ನೀರಿನ ಒಂದು ಅಣು ಕಳೆದುಕೊಂಡ 703ನ್ನೂ ಪರೀಕ್ಷಿಸಿ. ನಿಮ್ಮ ಉಪಕರಣದಲ್ಲಿ ಯಾವುದು ಇಡೀ ದಿನ ಸ್ಥಿರವಾಗಿ ನಿಲ್ಲುತ್ತದೋ ಅದನ್ನೇ ಇಟ್ಟುಕೊಳ್ಳಿ.

ಅಸಿಟೋನೈಟ್ರೈಲ್ ದ್ರಾವಣವನ್ನು ನೇರವಾಗಿ ಇಂಜೆಕ್ಟ್ ಮಾಡಿದರೆ ಬೇಗ ಹೊರಬರುವ ಪೀಕ್‌ಗಳ (ಗ್ರಾಫಿನಲ್ಲಿ ಕಾಣುವ ಏರುಗಳ) ಆಕಾರ ಕೆಡುತ್ತದೆ. ಸಮಪಾಲು ನೀರು ಬೆರೆಸಿ. ನೀರು ಅದಕ್ಕಿಂತ ಜಾಸ್ತಿಯಾದರೆ ಪೈರೆಥ್ರಿನ್‌ಗಳು ವಯಲ್‌ನ (ಪುಟ್ಟ ಗಾಜಿನ ಬಾಟಲಿಯ) ಗೋಡೆಗೆ ಅಂಟುತ್ತವೆ, ಅವಕ್ಕೆ ನೀರು ಕಂಡರೆ ಆಗದು. ವಯಲ್ ಕಂದು ಬಣ್ಣದ್ದಿರಲಿ, ಟ್ರೇ ತಣ್ಣಗಿರಲಿ.

ಅಳತೆಪಟ್ಟಿಯಂತೆ ಬಳಸುವ ಕ್ಯಾಲಿಬ್ರೇಶನ್ ದ್ರಾವಣಗಳನ್ನು ಬರೀ ದ್ರಾವಕದಲ್ಲಿ ಮಾಡಬೇಡಿ. ಔಷಧಿ ಇಲ್ಲದ ಟೊಮೇಟೊವನ್ನು ಇದೇ ರೀತಿ ಹೊರತೆಗೆದು, ಶುಚಿ ಮಾಡಿ, ಅದರಲ್ಲಿ 2, 5, 10, 20, 50, 100 ನ್ಯಾನೋಗ್ರಾಂ ಪ್ರತಿ ಎಂಎಲ್ ಎಂಬಂತೆ ತಯಾರಿಸಿ. ಹಣ್ಣಿನ ವಸ್ತುಗಳು ಸಿಗ್ನಲ್ಲನ್ನು ಕುಗ್ಗಿಸುವುದು ಇದರಿಂದ ಸರಿದೂಗುತ್ತದೆ. ಆ 'ಔಷಧಿ ಇಲ್ಲದ' ಟೊಮೇಟೊ ಬೇವಿನ ಹಿಂಡಿ ಹಾಕಿದ ಹೊಲದ್ದಾಗಿರಬಾರದು. ಅಜಾಡಿರಾಕ್ಟಿನ್ ಬೇರಿನ ಮೂಲಕವೂ ಗಿಡದೊಳಗೆ ಹೋಗುತ್ತದೆ.

ರಿಕವರಿ: ನಿಮ್ಮ ಮೇಲೆ ನೀವೇ ಮಾಡುವ ಪರೀಕ್ಷೆ

ಔಷಧಿ ಇಲ್ಲದ 10 ಗ್ರಾಂ ಟೊಮೇಟೊ ಪುಡಿಗೆ ಗೊತ್ತಿರುವಷ್ಟು ಸ್ಟ್ಯಾಂಡರ್ಡ್ ಸೇರಿಸಿ. ಕಿಲೋಗೆ 0.05 ಮಿಲಿಗ್ರಾಂ ಮಟ್ಟ ಬೇಕೆಂದರೆ ಒಟ್ಟು 0.5 ಮೈಕ್ರೋಗ್ರಾಂ. ಎಂಎಲ್‌ಗೆ 5 ಮೈಕ್ರೋಗ್ರಾಂ ಇರುವ ದ್ರಾವಣದ 100 ಮೈಕ್ರೋಲೀಟರ್ ಹಾಕಿದರೆ ಆಯಿತು. ಇನ್ನೊಂದು ಮಟ್ಟ 0.01. ಒಂದೊಂದು ಮಟ್ಟದಲ್ಲೂ ಐದು ಟ್ಯೂಬ್. ಯುರೋಪಿನ ಸ್ಯಾಂಟೆ ಮಾರ್ಗಸೂಚಿಯ ಪ್ರಕಾರ ಸರಾಸರಿ ರಿಕವರಿ 70ರಿಂದ 120 ಶೇಕಡಾ ಇರಬೇಕು, ಐದರ ನಡುವಿನ ಏರುಪೇರು 20 ಶೇಕಡಾ ಮೀರಬಾರದು. ಇದು ಪಾಸಾದ ಅತಿ ಕಡಿಮೆ ಮಟ್ಟವೇ ನಿಮ್ಮ ಅಳತೆಯ ಕೆಳ ಮಿತಿ.

ಈ ಪರೀಕ್ಷೆಗೆ ಒಂದು ಕೊರತೆ ಇದೆ. ಪುಡಿ ಮಾಡಿದ ಮೇಲೆ ಸೇರಿಸಿದ ಔಷಧಿ, ಪುಡಿ ಮಾಡುವಾಗ ಆಗುವ ನಷ್ಟವನ್ನು ತೋರಿಸುವುದಿಲ್ಲ. ಆದ್ದರಿಂದ ಒಮ್ಮೆಯಾದರೂ ಇಡೀ ಹಣ್ಣಿನ ಮೇಲೆ ಸ್ಟ್ಯಾಂಡರ್ಡ್ ಹಚ್ಚಿ, ಒಣಗಲು ಬಿಟ್ಟು, ಅಲ್ಲಿಂದ ಎಲ್ಲ ಹಂತ ನಡೆಸಿ. ಒಂದು ಗುಂಪನ್ನು ಕಿಟಕಿಯ ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲಲ್ಲಿ ಇಟ್ಟು ಹೋಲಿಸಿ. ವ್ಯತ್ಯಾಸ ಕಣ್ಣಿಗೆ ಕಂಡ ಮೇಲೆ ಲ್ಯಾಬಿನಲ್ಲಿ ಯಾರಿಗೂ ಪರದೆ ಎಳೆಯಿರಿ ಎಂದು ಹೇಳಬೇಕಾಗುವುದಿಲ್ಲ.

ದಿನನಿತ್ಯದ ಪ್ರತಿ ಬ್ಯಾಚಿನಲ್ಲೂ ಬರೀ ದ್ರಾವಕದ ಒಂದು ಟ್ಯೂಬ್, ಔಷಧಿ ಇಲ್ಲದ ಹಣ್ಣಿನದೊಂದು, ಸ್ಟ್ಯಾಂಡರ್ಡ್ ಸೇರಿಸಿದ್ದೊಂದು ಇರಲಿ.

ಲೆಕ್ಕ ಮತ್ತು ತೀರ್ಮಾನ

ಪೀಕ್ ಕಂಡ ಕೂಡಲೇ ಸಂಖ್ಯೆ ಬರೆಯಬೇಡಿ. ಹೊರಬಂದ ಸಮಯ ಸ್ಟ್ಯಾಂಡರ್ಡ್‌ಗಿಂತ 0.1 ನಿಮಿಷಕ್ಕಿಂತ ಹೆಚ್ಚು ಸರಿದಿರಬಾರದು. ಎರಡು ಅಯಾನುಗಳ ಅನುಪಾತ 30 ಶೇಕಡಾ ಒಳಗೆ ಹೊಂದಬೇಕು. ಎರಡೂ ಸರಿಯಿದ್ದರೆ ಮುಂದೆ ಹೋಗಿ.

ಒಂದು ಉದಾಹರಣೆ. ವಯಲ್‌ನಲ್ಲಿ ರೋಟೆನೋನ್ 8 ನ್ಯಾನೋಗ್ರಾಂ ಪ್ರತಿ ಎಂಎಲ್ ಎಂದು ಬಂತು. ಸಮಪಾಲು ನೀರು ಬೆರೆಸಿದ್ದರಿಂದ ಮೂಲ ದ್ರಾವಣದಲ್ಲಿ 16. 10 ಗ್ರಾಂ ಹಣ್ಣು, 10 ಎಂಎಲ್ ದ್ರಾವಕ, ಹಾಗಾಗಿ ಗ್ರಾಂಗೆ 16 ನ್ಯಾನೋಗ್ರಾಂ, ಅಂದರೆ ಕಿಲೋಗೆ 0.016 ಮಿಲಿಗ್ರಾಂ. ಆ ಬ್ಯಾಚಿನ ರಿಕವರಿ 88 ಶೇಕಡಾ. 80ರಿಂದ 120ರ ನಡುವೆ ಇರುವುದರಿಂದ ಅದಕ್ಕಾಗಿ ತಿದ್ದುಪಡಿ ಬೇಡ. ಅಳತೆಯ ಅನಿಶ್ಚಿತತೆ 50 ಶೇಕಡಾ ಎಂದು ಹಿಡಿದರೆ ನಿಜವಾದ ಮೌಲ್ಯ 0.008ರಿಂದ 0.024ರ ನಡುವೆ ಎಲ್ಲಾದರೂ ಇರಬಹುದು. ಕಾನೂನಿನ ಮಿತಿ 0.01 ಎಂದಿಟ್ಟುಕೊಳ್ಳಿ. ಸಂಖ್ಯೆ ಮಿತಿಗಿಂತ ಮೇಲಿದೆ, ಆದರೆ ಖಚಿತವಾಗಿ ಮೀರಿದೆ ಎನ್ನಲು ಆಧಾರ ಸಾಲದು. ಒಬ್ಬರ ಇಡೀ ಲೋಡ್ ತಿರಸ್ಕಾರವಾಗುವ ಮಾತು ಇದು. ಅದೇ ಮಾದರಿಯಿಂದ ಇನ್ನೊಂದು ಭಾಗ ತೂಗಿ ಮತ್ತೆ ಮಾಡಿ.

ಮಿತಿ ಯಾವ ದೇಶದ್ದು ಎಂಬುದೂ ಮುಖ್ಯ. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪಟ್ಟಿ ನೋಡಿ. ಬೆಳೆ ಮತ್ತು ಔಷಧಿಗೆ ಬೇರೆ ಮಿತಿ ಹೇಳಿಲ್ಲದಿದ್ದರೆ ಸಾಮಾನ್ಯವಾಗಿ ಅನ್ವಯಿಸುವುದು ಕಿಲೋಗೆ 0.01 ಮಿಲಿಗ್ರಾಂ. ಅಮೆರಿಕ ಅಜಾಡಿರಾಕ್ಟಿನ್‌ಗೆ ಮಿತಿಯಿಂದ ವಿನಾಯಿತಿ ಕೊಟ್ಟಿದೆ.

ಲ್ಯಾಬ್ ಇಲ್ಲದ ಬೆಳೆಗಾರರು ಏನು ಮಾಡಬೇಕು?

ಬಣ್ಣ ಬದಲಾಗುವ ಕಾರ್ಡ್ ಕಿಟ್‌ಗಳನ್ನು ಇದಕ್ಕೆ ನಂಬಬೇಡಿ. ಅವುಗಳಲ್ಲಿ ಹೆಚ್ಚಿನವು ಕೋಲಿನೆಸ್ಟರೇಸ್ ಎಂಬ ಕಿಣ್ವದ ಮೇಲೆ ನಿಂತಿವೆ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಔಷಧಿಗಳು ಆ ಕಿಣ್ವವನ್ನು ತಡೆಯುವುದರಿಂದ ಅವಷ್ಟೇ ಸಿಕ್ಕಿಬೀಳುತ್ತವೆ. ಅಜಾಡಿರಾಕ್ಟಿನ್, ಪೈರೆಥ್ರಿನ್, ರೋಟೆನೋನ್ ಕೆಲಸ ಮಾಡುವ ರೀತಿಯೇ ಬೇರೆ, ಕಿಟ್‌ಗೆ ಕಾಣುವುದಿಲ್ಲ.

ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ದುಡ್ಡು ಕಟ್ಟುವ ಮೊದಲು ಕೇಳಿ: ನಿಮ್ಮ ಮಾನ್ಯತೆಯ ಪಟ್ಟಿಯಲ್ಲಿ ಅಜಾಡಿರಾಕ್ಟಿನ್ ಇದೆಯಾ? ನೂರಾರು ಔಷಧಿಗಳ ಪಟ್ಟಿಯಲ್ಲೂ ಅದು ಇಲ್ಲದಿರಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಅವರು ಹುಡುಕುವುದೇ ಇಲ್ಲ. ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿದ್ದರೆ ಪಕ್ಕದಲ್ಲಿ ಅಳತೆಯ ಕೆಳ ಮಿತಿ ಎಷ್ಟೆಂದು ಬರೆದುಕೊಡಲು ಹೇಳಿ.

ಹಣ್ಣಿನ ಜೊತೆ ನೀವು ಹೊಡೆದ ಬಾಟಲಿಯನ್ನೂ ಒಮ್ಮೆ ಪರೀಕ್ಷೆಗೆ ಕಳಿಸಿ. ಬೇವಿನ ಚಿತ್ರ ಹಾಕಿ ಒಳಗೆ ರಾಸಾಯನಿಕ ಕೀಟನಾಶಕ ಬೆರೆಸಿ ಮಾರುವ ಮೋಸ ನಡೆಯುತ್ತದೆ. ಕಡಿಮೆ ಹೊಡೆದರೂ ಹುಳ ತಟ್ಟನೆ ಸಾಯುತ್ತಿದ್ದರೆ ಅನುಮಾನ ಪಡಿ. ಬೇವು ಹಾಗೆ ಕೆಲಸ ಮಾಡುವುದಿಲ್ಲ. ಅದು ಹುಳದ ಹಸಿವು ಕೆಡಿಸಿ, ಬೆಳವಣಿಗೆ ತಡೆದು, ನಿಧಾನವಾಗಿ ಕೊಲ್ಲುತ್ತದೆ. ಸಾವಯವ ಎಂದು ಮಾರುವ ಹಣ್ಣಿನಲ್ಲಿ ರಾಸಾಯನಿಕ ಸಿಕ್ಕರೆ ಹೊಣೆ ನಿಮ್ಮ ಹೆಗಲಿಗೇ ಬರುತ್ತದೆ. ಬಾಟಲಿಯ ಬ್ಯಾಚ್ ಸಂಖ್ಯೆ, ಅಂಗಡಿಯ ಬಿಲ್, ಹೊಡೆದ ದಿನ ಬರೆದ ಪುಸ್ತಕ ನಿಮ್ಮ ಬಳಿ ಇರಲಿ. ಮಾದರಿ ಕಳಿಸುವಾಗ ಅದರ ಒಂದು ನಕಲನ್ನು ಪೆಟ್ಟಿಗೆಯೊಳಗೆ ಇಟ್ಟು ಕಳಿಸಿ.